2147483647 ಅವಿಭಾಜ್ಯ ಅಂತ ಕ್ಯಾಲ್ಕುಲೇಟರಿನಲ್ಲೇ ಸಾಧಿಸಿದ್ದು

ಬದಿಯಡ್ಕದ ಹತ್ತಿರ ಕನ್ನಡ ಮೀಡಿಯಂ ಮಕ್ಕಳಿಗೆ ಸಂಜೆ ಗಣಿತ ಟ್ಯೂಷನ್ ಕೊಡುತ್ತೇನೆ. "ಮಾಷ್ಟ್ರೇ, ಇಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯ ಅಂತ ಗೂಗಲ್ ಹೇಳಿದರೆ ಸುಮ್ನೆ ನಂಬುವುದಾ?" ಅಂತ ಒಬ್ಬಳು ಕೇಳಿದಳು. ಬೇಡ, ನಾವೇ ನೋಡುವ ಅಂದೆ. 2147483647 ಅಂದರೆ 2ರ 31ನೇ ಘಾತದಿಂದ 1 ಕಳೆದದ್ದು. 1772ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಕೈಲೆಕ್ಕದಲ್ಲೇ ಸಾಧಿಸಿದ್ದ. ನಮ್ಮ ಹತ್ತಿರ ಅಂಗಡಿಯವರು ಇಟ್ಟುಕೊಳ್ಳುವ 12 ಅಂಕಿಯ ಕ್ಯಾಲ್ಕುಲೇಟರ್ ಆದರೂ ಉಂಟಲ್ಲ!

ಇದರ ವರ್ಗಮೂಲ 46340 ಚಿಲ್ಲರೆ. ಅಷ್ಟರೊಳಗೆ 4792 ಅವಿಭಾಜ್ಯಗಳಿವೆ. ಎಲ್ಲದರಿಂದ ಭಾಗಿಸುತ್ತಾ ಕೂತರೆ ಮಳೆಗಾಲ ಮುಗಿದೀತು.

ಕೆಲಸ ಕಡಿಮೆ ಮಾಡುವುದು ಹೀಗೆ. q ಎಂಬ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂತಿಟ್ಟುಕೊಳ್ಳಿ. ಆಗ 2ರ 31ನೇ ಘಾತವನ್ನು q ಇಂದ ಭಾಗಿಸಿದರೆ ಶೇಷ 1. 31 ತಾನೇ ಅವಿಭಾಜ್ಯ, ಹಾಗಾಗಿ ಅದಕ್ಕಿಂತ ಸಣ್ಣ ಘಾತದಲ್ಲಿ ಶೇಷ 1 ಬರುವುದಿಲ್ಲ, ಇನ್ನು ಫರ್ಮಾನ ಕಿರು ಪ್ರಮೇಯದ ಪ್ರಕಾರ q−1ನೇ ಘಾತಕ್ಕೂ ಶೇಷ 1 ಬರಲೇಬೇಕು, ಅಂದಮೇಲೆ q−1 ಅನ್ನು 31 ಭಾಗಿಸಬೇಕು. q ಬೆಸಸಂಖ್ಯೆ, ಆದ್ದರಿಂದ ಅದು 62k+1 ರೂಪದ್ದು. ಇನ್ನೊಂದು ಚಂದದ ವಿಷಯ: 2ರ 16ನೇ ಘಾತದ ವರ್ಗವನ್ನು, ಅಂದರೆ 2ರ 32ನೇ ಘಾತವನ್ನು, q ಇಂದ ಭಾಗಿಸಿದರೆ ಶೇಷ 2. ಅಂದರೆ q ಇಂದ ಭಾಗಿಸಿದ ಶೇಷಗಳ ಲೆಕ್ಕದಲ್ಲಿ 2 ಒಂದು ವರ್ಗಸಂಖ್ಯೆ. ಹಾಗಿದ್ದರೆ q ಅನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಮಾತ್ರ. ಎರಡೂ ಸೇರಿದರೆ q ಇರುವುದು 248k+1 ಇಲ್ಲವೇ 248k+63 ರೂಪದಲ್ಲಿ.

ಪಟ್ಟಿ ಮಾಡಿದೆವು: 249, 311, 497, 559, 745... 249 ಮೂರರ ಮಗ್ಗಿಯಲ್ಲೇ ಹೋಯಿತು, 497 ಏಳರದ್ದು, 559 ಅಂದರೆ 13×43. ಎಲ್ಲ ಜರಡಿ ಹಿಡಿದಾಗ ಉಳಿದದ್ದು 84 ಅವಿಭಾಜ್ಯಗಳು. ಮಕ್ಕಳು ಹಂಚಿಕೊಂಡರು. 311ರಿಂದ ಭಾಗಿಸಿದಾಗ ಭಾಗಲಬ್ಧ 6905092, ಶೇಷ 35. 1303ಕ್ಕೆ ಶೇಷ 226. ಕ್ಯಾಲ್ಕುಲೇಟರ್ ದಶಾಂಶ ತೋರಿಸುತ್ತದೆ, ಅದನ್ನು ನೋಡಿ ಅಂದಾಜು ಮಾಡುವುದು ಬೇಡ. ಪೂರ್ಣಾಂಕ ಭಾಗವನ್ನು ಮತ್ತೆ ಗುಣಿಸಿ ಕಳೆದು ಶೇಷ ಬರೆಯಿರಿ. ಎಲ್ಲೂ ಸೊನ್ನೆ ಬರಲಿಲ್ಲ. ಮುಗಿಯಿತು.

ಘಾತ ಅವಿಭಾಜ್ಯವಾದರೆ ಸಾಕಲ್ವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಸಾಲದು. 2ರ 11ನೇ ಘಾತದಿಂದ 1 ಕಳೆದರೆ 2047 ಸಿಗುತ್ತದೆ, ಅದು 23×89.

61ನೇ ಘಾತಕ್ಕೆ ಹೋದರೆ ಈ ಉಪಾಯ ಕೈಕೊಡುತ್ತದೆ, ವರ್ಗಮೂಲವೇ 150 ಕೋಟಿ ದಾಟುತ್ತದೆ. ಅಲ್ಲಿ ಲ್ಯೂಕಾಸ್-ಲೆಮರ್ ಪರೀಕ್ಷೆ ಬೇಕು: 4ರಿಂದ ಹೊರಟು, ಪ್ರತಿಸಲ ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಹಿಡಿಯುವುದು; ಹೀಗೆ ಘಾತಕ್ಕಿಂತ 2 ಕಡಿಮೆ ಸಲ. 127ಕ್ಕೆ, ಅಂದರೆ 2ರ 7ನೇ ಘಾತದಿಂದ 1 ಕಳೆದದ್ದಕ್ಕೆ, ಮಾಡಿ ನೋಡಿ: 4, 14, 67, 42, 111, 0. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. 31ನೇ ಘಾತಕ್ಕೆ ಇದೇ ಕೆಲಸ 29 ಸಲ ಮಾಡಬೇಕು. ನಡುವೆ 19 ಅಂಕಿಯವರೆಗೂ ಹೋಗುವುದರಿಂದ ನಮ್ಮ ಕ್ಯಾಲ್ಕುಲೇಟರಿಗೆ ಹಿಡಿಸುವುದಿಲ್ಲ, ಮೊಬೈಲಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಂಡು ಮಾಡಿದೆವು.