ಅಡಿಕೆ ಕೌಂಟರಿನ ಪೋಸ್ಟ್‌ಗ್ರೆಸ್: ಲಾಗಿನಲ್ಲಿ ಕಾಣದ ಕ್ವೆರಿಯನ್ನು ಹಿಡಿದದ್ದು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಸೇರಿ 14 ಖರೀದಿ ಕೌಂಟರ್. ಎಲ್ಲಕ್ಕೂ ಒಂದೇ ಪೋಸ್ಟ್‌ಗ್ರೆಸ್ 15 ಡೇಟಾಬೇಸ್. ನಾಲ್ಕು ಕೋರ್, 16 ಜಿಬಿ ರ್‍ಯಾಮ್, 240 ಜಿಬಿಯ ಎಸ್‌ಎಸ್‌ಡಿ. ಬೆಳಿಗ್ಗೆ ಹತ್ತೂವರೆಗೆ ಮಾಲು ಬರಲು ಶುರುವಾದರೆ ಹನ್ನೆರಡೂವರೆವರೆಗೆ ಒಂದು ಬಿಲ್ ಸೇವ್ ಆಗಲು ಏಳೆಂಟು ಸೆಕೆಂಡ್ ಹಿಡಿಯುತ್ತಿತ್ತು. ಸರ್ವರ್ ಸಾಲದು ಎಂದು 1.8 ಲಕ್ಷದ ಕೊಟೇಶನ್ ಮೇಜಿನ ಮೇಲೆ ಬಂದಾಗಿತ್ತು. ಕ್ವೆರಿ (ಡೇಟಾಬೇಸಿಗೆ ಹೋಗುವ ಪ್ರಶ್ನೆ) ಲಾಗ್ ಹಾಕಿ ನೋಡುವ ಅಂದರೆ, "ಇದ್ದ ವೇಗವೂ ಹೋಗ್ತದೆ, ಬೇಡ ಮಾರಾಯ್ರೆ" ಎಂದವರೇ ಎಲ್ಲ. ಕೊನೆಗೆ ಖರ್ಚಾದದ್ದು ಒಂದು ಹಾರ್ಡ್ ಡಿಸ್ಕಿನ ದುಡ್ಡು, ಸುಮಾರು ಮೂರೂವರೆ ಸಾವಿರ. ಸರ್ವರ್ ಅದೇ ಇದೆ.

ಮೊದಲು ಕೆಟ್ಟದ್ದನ್ನು ಹೇಳುತ್ತೇನೆ. ಎಲ್ಲ ಕ್ವೆರಿಯನ್ನೂ ಲಾಗಿಗೆ ಬರೆಸಲು ಲಾಗ್_ಸ್ಟೇಟ್‌ಮೆಂಟ್ ಅನ್ನು 'ಆಲ್' ಮಾಡಿದ್ದು ಮೊದಲ ತಪ್ಪು. ಅದು ಕ್ವೆರಿ ಓಡುವ ಮೊದಲೇ ಬರೆದುಬಿಡುತ್ತದೆ, ಎಷ್ಟು ಹೊತ್ತು ಹಿಡಿಯಿತು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಲಾಗೂ ಡೇಟಾವೂ ಒಂದೇ ಪಾರ್ಟಿಶನ್‌ನಲ್ಲಿದ್ದವು. ಜಾಗ ತುಂಬಿ ವಾಲ್ (ಪ್ರತಿ ಬದಲಾವಣೆಯನ್ನು ಮೊದಲು ಬರೆದಿಡುವ ಫೈಲ್) ಬರೆಯಲಾಗದೆ ಸರ್ವರ್ ಪ್ಯಾನಿಕ್ ಹೊಡೆದು ನಿಂತಿತು. ಲಾಗಿಗೆ ಬೇರೆ ಡಿಸ್ಕ್ ಬೇಕೆಂದು ಮೂಲೆಯಲ್ಲಿದ್ದ ಹಳೆ ಹಾರ್ಡ್ ಡಿಸ್ಕ್ ಹಾಕಿದ್ದು ಎರಡನೇ ತಪ್ಪು. ಅದರಲ್ಲಿ ಬ್ಯಾಡ್ ಸೆಕ್ಟರ್ ಇತ್ತು. ಲಾಗನ್ನು ಫೈಲಿಗೆ ಬರೆಯುವ ಲಾಗಿಂಗ್ ಕಲೆಕ್ಟರ್ ಒಂದು ಸಾಲನ್ನೂ ಬಿಡುವುದಿಲ್ಲ. ಅದು ಬರೆಯಲಾರದೆ ಹಿಂದುಳಿದರೆ ಲಾಗ್ ಕಳಿಸುವ ಪ್ರತಿ ಪ್ರೊಸೆಸ್ಸೂ ಕಾಯುತ್ತದೆ. ಡೇಟಾ ಡಿಸ್ಕ್ ಚೆನ್ನಾಗಿದ್ದರೂ ಹದಿನಾಲ್ಕು ಕೌಂಟರೂ ಸ್ತಬ್ಧ. ಲಾಗಿನ ಡಿಸ್ಕಿನಲ್ಲಿ ಜಿಪುಣತನ ಮಾಡಬೇಡಿ.

ಹೊಸ ಡಿಸ್ಕಿಗೆ ಬಂದ ಮೇಲೆ ಲಾಗ್_ಮಿನ್_ಡ್ಯುರೇಶನ್_ಸ್ಟೇಟ್‌ಮೆಂಟ್ 1000 ಮಿಲಿಸೆಕೆಂಡ್ ಇಟ್ಟೆ, ಅಷ್ಟು ಅಥವಾ ಹೆಚ್ಚು ಹಿಡಿದ ಕ್ವೆರಿ ಮಾತ್ರ ಲಾಗಿಗೆ ಬರುತ್ತದೆ. ತಿಂಗಳ ರಿಪೋರ್ಟೊಂದು 14 ಸೆಕೆಂಡ್ ತಿನ್ನುವುದು ಸಿಕ್ಕಿತು. ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಹಾಕಿ ಒಂದು ಸೆಕೆಂಡಿನೊಳಗೆ ತಂದೆ. ಕೌಂಟರಿನ ಪಾಡು ಮಾತ್ರ ಹಾಗೇ. ಲಾಗ್ ನಂಬಿದವರು ಸೋಲುವುದು ಇಲ್ಲಿಯೇ: ಮಿತಿ ದಾಟಿದ ಕ್ವೆರಿ ಕಾಣುತ್ತದೆ, ಮಿತಿಯೊಳಗೆ ಸಾವಿರಾರು ಸಲ ಬರುವುದು ಕಾಣುವುದೇ ಇಲ್ಲ.

ಹಾಗಾಗಿ ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್: ಪ್ರತಿ ಬಗೆಯ ಕ್ವೆರಿ ಎಷ್ಟು ಸಲ ಓಡಿತು, ಒಟ್ಟು ಎಷ್ಟು ಹೊತ್ತು ತಿಂದಿತು ಎಂದು ಲೆಕ್ಕ ಇಡುವ ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಶನ್. ರೀಸ್ಟಾರ್ಟ್ ಬೇಕು, ಅದನ್ನು ರಾತ್ರಿ ಮಾಡಿ. ಕಾನ್ಫಿಗ್ ಫೈಲಿನಲ್ಲಿ ಅದನ್ನು ಲೋಡ್ ಮಾಡಿಸುವ ಶೇರ್ಡ್_ಪ್ರಿಲೋಡ್_ಲೈಬ್ರರೀಸ್ ಎರಡು ಕಡೆ ಬರೆದರೆ ಕೊನೆಯ ಸಾಲಿಗೆ ಮಾತ್ರ ಬೆಲೆ. ನಿಧಾನ ಕ್ವೆರಿ ಓಡಿದ ದಾರಿಯನ್ನು ಲಾಗಿಗೆ ಬರೆಯುವ ಆಟೋ_ಎಕ್ಸ್‌ಪ್ಲೇನ್ ಅನ್ನು ಕೆಳಗೆ ಬೇರೆ ಸಾಲಿನಲ್ಲಿ ಸೇರಿಸಿ ಮೊದಲಿನದ್ದು ಲೋಡೇ ಆಗದೆ ಒಂದು ದಿನ ಹೋಯಿತು. ಎರಡನ್ನೂ ಕಾಮಾ ಹಾಕಿ ಒಂದೇ ಸಾಲಿನಲ್ಲಿ ಬರೆಯಿರಿ.

ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್ ತೋರಿಸುವುದು ಹಿಂದಿನ ರೀಸೆಟ್‌ನಿಂದ ಇವತ್ತಿನವರೆಗಿನ ಒಟ್ಟು ಲೆಕ್ಕ. ಹತ್ತೂವರೆಯಿಂದ ಹನ್ನೆರಡೂವರೆವರೆಗಿನ ಗದ್ದಲ ಅದರಲ್ಲಿ ಕರಗಿಹೋಗುತ್ತದೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹತ್ತು ನಿಮಿಷಕ್ಕೊಮ್ಮೆ ಕ್ವೆರಿಐಡಿ (ಕ್ವೆರಿಯ ಗುರುತು ನಂಬರ್), ಕಾಲ್ಸ್ (ಎಷ್ಟು ಸಲ), ಟೋಟಲ್_ಎಕ್ಸೆಕ್_ಟೈಮ್ (ಒಟ್ಟು ಹೊತ್ತು), ರೋಸ್ (ಸಿಕ್ಕಿದ ಸಾಲು), ಬ್ಲಾಕ್ ಲೆಕ್ಕಗಳನ್ನು ಒಂದು ಟೇಬಲ್‌ಗೆ ತುಂಬಿಸಿದೆ. ಲ್ಯಾಗ್ ಫಂಕ್ಷನ್ ಹಾಕಿ ಹಿಂದಿನ ಸಾಲಿನ ಲೆಕ್ಕ ಕಳೆದರೆ ಆ ಹತ್ತು ನಿಮಿಷದ ನಿಜ ಖರ್ಚು ಕೈಗೆ ಬರುತ್ತದೆ. ಕ್ವೆರಿಯ ಪಠ್ಯವನ್ನು ಪ್ರತಿ ಸಲ ತುಂಬಿಸಬೇಡಿ, ಐಡಿಗೆ ಒಂದು ಸಲ ಬೇರೆ ಟೇಬಲ್‌ನಲ್ಲಿಟ್ಟರೆ ಸಾಕು. ಕಾಲ್ಸ್ ಬದಲಾಗದ ಸಾಲನ್ನೂ ಬಿಟ್ಟೆ. ದಿನಕ್ಕೆ ಒಂದೆರಡು ಎಂಬಿಯಷ್ಟೇ ಆಗುತ್ತದೆ. ವ್ಯತ್ಯಾಸ ಋಣಾತ್ಮಕ ಬಂದರೆ ರೀಸೆಟ್ ಆಗಿದೆ ಅಥವಾ ಆ ಎಂಟ್ರಿ ಹೊರಬಿದ್ದು ಮತ್ತೆ ಬಂದಿದೆ ಎಂದರ್ಥ, ಆ ಸಾಲು ಎಸೆಯಿರಿ.

ಮೂರನೇ ದಿನಕ್ಕೆ ಕಳ್ಳ ಸಿಕ್ಕಿದ. ಪ್ರತಿ ಕೌಂಟರಿನ ಸ್ಕ್ರೀನ್ ಮೇಲ್ಭಾಗದಲ್ಲಿ ಹೊಸ ಚಾಲಿ, ಹಳೆ ಚಾಲಿ, ಡಬಲ್ ಚೋಲ್, ಪಠೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಆ ದಿನ ಕೊಂಡ ತೂಕ ತೋರಿಸುವ ಪಟ್ಟಿ ಇದೆ. ಸೆಕೆಂಡಿಗೊಮ್ಮೆ ರಿಫ್ರೆಶ್, ಆರು ಬಗೆಗೆ ಆರು ಕ್ವೆರಿ. ಹದಿನಾಲ್ಕು ಕೌಂಟರಿನಿಂದ ಹತ್ತು ನಿಮಿಷಕ್ಕೆ 50 ಸಾವಿರ ಕಾಲ್. ಒಂದಕ್ಕೆ 22 ಮಿಲಿಸೆಕೆಂಡ್, ಯಾವ ಸ್ಲೋ ಲಾಗಿಗೂ ಸಿಗದಷ್ಟು ಚಿಕ್ಕದು. ಗುಣಿಸಿದರೆ 18 ನಿಮಿಷ. ನಾಲ್ಕು ಕೋರಿಗೆ ಹತ್ತು ನಿಮಿಷದಲ್ಲಿ ಇರುವುದೇ ನಲವತ್ತು, ಅರ್ಧದಷ್ಟನ್ನು ಇದೊಂದೇ ತಿನ್ನುತ್ತಿತ್ತು.

ಕಾರಣ ಕ್ವೆರಿಯ ಷರತ್ತು ಬರೆಯುವ ವೇರ್ ಭಾಗದಲ್ಲಿತ್ತು. ಎಂಟ್ರಿ ಸಮಯದ ಕಾಲಂಗೆ ಡೇಟ್ ಫಂಕ್ಷನ್ ಸುತ್ತಿ ಇವತ್ತಿನ ತಾರೀಕಿಗೆ ಹೋಲಿಸಿದ್ದರು. ಕಾಲಂ ಮೇಲೆ ಫಂಕ್ಷನ್ ಬಂದರೆ ಸಾದಾ ಇಂಡೆಕ್ಸ್ ಬಳಕೆಯಾಗದು, ಎರಡು ಲಕ್ಷ ಸಾಲನ್ನೂ ಪ್ರತಿ ಸಲ ಓದುತ್ತದೆ. ಫಂಕ್ಷನ್ ಸಮೇತ ಇಂಡೆಕ್ಸ್ ಮಾಡುವ ಅಂದರೆ ಕಾಲಂ ಟೈಮ್‌ಝೋನ್ ಇರುವ ಟೈಮ್‌ಸ್ಟ್ಯಾಂಪ್. ಫಂಕ್ಷನ್ ಇಮ್ಯೂಟಬಲ್ (ಯಾವಾಗಲೂ ಒಂದೇ ಉತ್ತರ ಕೊಡುವಂಥದ್ದು) ಅಲ್ಲ ಎಂದು ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ. ಇವತ್ತಿನ ತಾರೀಕಿಗೆ ಸಮ ಅಥವಾ ಹೆಚ್ಚು, ನಾಳೆಯ ತಾರೀಕಿಗಿಂತ ಕಡಿಮೆ ಎಂದು ಕಾಲಂ ಅನ್ನು ಬೆತ್ತಲೆ ಬಿಟ್ಟು ಬರೆಸಿದೆ. 22 ಇದ್ದದ್ದು 0.3 ಮಿಲಿಸೆಕೆಂಡಿಗೆ ಬಂತು. 18 ನಿಮಿಷ ಹೋಗಿ 15 ಸೆಕೆಂಡ್. ಆ ದಿನವೇ ಕೊಟೇಶನ್ ವಾಪಸ್ಸಾಯಿತು.

ಎಚ್ಚರಿಕೆ ಒಂದಿದೆ. ಲೆಡ್ಜರ್ ಪ್ರಿಂಟ್ ಪ್ರತಿ ಸಲ ಟೆಂಪ್ (ತಾತ್ಕಾಲಿಕ) ಟೇಬಲ್ ಮಾಡುತ್ತಿತ್ತು. ಈ ಆವೃತ್ತಿಯಲ್ಲಿ ಕ್ವೆರಿಐಡಿ ಟೇಬಲಿನ ಓಐಡಿಯನ್ನು (ಪೋಸ್ಟ್‌ಗ್ರೆಸ್ ಒಳಗೆ ಕೊಡುವ ನಂಬರ್) ನೋಡುತ್ತದೆ. ಹಾಗಾಗಿ ಪ್ರತಿ ಪ್ರಿಂಟಿಗೂ ಹೊಸ ಐಡಿ. ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್‌ನ ಡೀಫಾಲ್ಟ್ 5,000 ಜಾಗ ತುಂಬಿ ಕಡಿಮೆ ಓಡಿದ ಎಂಟ್ರಿಗಳು ಹೊರಬೀಳುತ್ತವೆ. ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್_ಇನ್ಫೋದಲ್ಲಿ ಡೀಅಲಾಕ್ (ಹೀಗೆ ಹೊರಹಾಕಿದ ಲೆಕ್ಕ) ಏರುತ್ತಿದ್ದರೆ ಇದೇ ಕಾಯಿಲೆ. 10,000ಕ್ಕೆ ಏರಿಸಿದ್ದು ಪ್ರಯೋಜನವಾಗಲಿಲ್ಲ. ಟೆಂಪ್ ಟೇಬಲ್ ತೆಗೆದು, ಅದೇ ಕ್ವೆರಿಯೊಳಗೆ ವಿತ್ ಹಾಕಿ ಬರೆದ ಮೇಲೆಯೇ ನಿಂತದ್ದು.

ಆಮೇಲೂ ಆಗೊಮ್ಮೆ ಈಗೊಮ್ಮೆ ಬಿಲ್ ಸಿಕ್ಕಿಬೀಳುತ್ತಿತ್ತು. ಅದು ಲಾಕ್, ಒಬ್ಬರು ಹಿಡಿದಿಟ್ಟದ್ದಕ್ಕೆ ಇನ್ನೊಬ್ಬರು ಕಾಯುವುದು. ಲಾಗ್_ಲಾಕ್_ವೇಟ್ಸ್ ಆನ್ ಮಾಡಿದರೆ ಒಂದು ಸೆಕೆಂಡ್ ದಾಟಿದ ಕಾಯುವಿಕೆ ಲಾಗಿಗೆ ಬರುತ್ತದೆ, ಯಾವ ಪ್ರೊಸೆಸ್ ಹಿಡಿದುಕೊಂಡಿದೆ ಎಂಬುದೂ ಇರುತ್ತದೆ. ಪ್ರೊಸೆಸ್ ನಂಬರಿನಿಂದ ಕೌಂಟರ್ ತಿಳಿಯದು. ಅದಕ್ಕೆ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಅಪ್ಲಿಕೇಶನ್_ನೇಮ್ 'ಪೆರ್ಲ-2' ಎಂದು ಕೊಟ್ಟು, ಲಾಗ್_ಲೈನ್_ಪ್ರಿಫಿಕ್ಸ್‌ನಲ್ಲಿ ಅದನ್ನು ಸೇರಿಸಿದೆ. ಇಡೀ ಏರ್ಪಾಟಿನಲ್ಲಿ ನನಗೆ ಅತಿ ಹೆಚ್ಚು ದುಡಿದುಕೊಟ್ಟದ್ದು ಈ ಒಂದು ಸಾಲು. ತೂಕ ಮಾಡುವಾಗಲೇ ಟ್ರಾನ್ಸಾಕ್ಷನ್ ತೆರೆದು, ಮೂಟೆ ಇಳಿಸುವವರೆಗೂ ಕಮಿಟ್ (ಪಕ್ಕಾ) ಮಾಡದೆ ಇಡುವ ಸ್ಕ್ರೀನ್ ಅದರಿಂದ ಗೊತ್ತಾಯಿತು. ಹೀಗೆ ಸುಮ್ಮನೆ ತೆರೆದಿಟ್ಟ ಕನೆಕ್ಷನ್ ಕಡಿಯುವ ಐಡಲ್ ಇನ್ ಟ್ರಾನ್ಸಾಕ್ಷನ್ ಟೈಮ್‌ಔಟ್ ಅನ್ನು ಇಡೀ ಸರ್ವರಿಗೆ ಹಾಕಬೇಡಿ, ಬೇರೆ ಕೆಲಸಗಳ ಕನೆಕ್ಷನ್ ಕೂಡ ಕಡಿದುಹೋಗುತ್ತದೆ. ಕೌಂಟರಿನ ರೋಲ್‌ಗೆ (ಡೇಟಾಬೇಸ್ ಯೂಸರ್) ಮಾತ್ರ ಕೊಡಿ. ಯಾವ ಹೊತ್ತಿಗೆ ಎಷ್ಟು ಸೆಕೆಂಡ್ ಇಡುತ್ತೇನೆ, ದರ ಬದಲಾಗುವ ಗಳಿಗೆಯಲ್ಲಿ ಏನು ಮಾಡುತ್ತೇನೆ ಎಂಬುದು ಇಲ್ಲಿ ಬೇಡ, ಅದು ನನ್ನ ಅನ್ನದ ದಾರಿ.

ಆಟೋ_ಎಕ್ಸ್‌ಪ್ಲೇನ್‌ನಲ್ಲಿ, ಪ್ರತಿ ಹಂತಕ್ಕೆ ನಿಜವಾಗಿ ಹಿಡಿದ ಹೊತ್ತು ಅಳೆಯುವ ಲಾಗ್_ಅನಲೈಸ್ ಆನ್ ಮಾಡಿ ನೋಡಿದೆ. ಲಾಗಿಗೆ ಬಾರದ ಚಿಕ್ಕ ಕ್ವೆರಿಗಳಿಗೂ ಅದು ಹಂತ ಹಂತಕ್ಕೆ ಗಡಿಯಾರ ನೋಡುತ್ತದೆ. ಈ ಮೆಷಿನ್ನಿನ ಕ್ಲಾಕ್‌ಸೋರ್ಸ್ (ಸಮಯ ಓದುವ ಗಡಿಯಾರ) ಎಚ್‌ಪಿಇಟಿ, ಓದಲು ನಿಧಾನ. ಪಿಜಿ_ಟೆಸ್ಟ್_ಟೈಮಿಂಗ್ ಓಡಿಸಿದರೆ ಗೊತ್ತಾಗುತ್ತದೆ. ಲಾಗ್_ಟೈಮಿಂಗ್ ಆಫ್ ಮಾಡಿ ಸಾಲುಗಳ ಲೆಕ್ಕ ಮಾತ್ರ ಇಟ್ಟುಕೊಂಡೆ.

ಕ್ವೆರಿಯ ಜೊತೆ ಹೋಗುವ ಮಾಹಿತಿ, ಅಂದರೆ ಬೈಂಡ್ ಪ್ಯಾರಾಮೀಟರಿನಲ್ಲಿ, ಸದಸ್ಯರ ಹೆಸರು, ಬ್ಯಾಂಕ್ ಖಾತೆ ನಂಬರ್ ಎಲ್ಲ ಲಾಗಿಗೆ ಬೀಳುತ್ತದೆ. ಲಾಗ್_ಪ್ಯಾರಾಮೀಟರ್_ಮ್ಯಾಕ್ಸ್_ಲೆಂತ್ ಸೊನ್ನೆ ಮಾಡಿ. 30 ಕೊಟ್ಟರೆ ಅದು ಬೈಟ್ ಲೆಕ್ಕ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್, ಹತ್ತೇ ಚಿಹ್ನೆ ಉಳಿಯುತ್ತದೆ.

ಹತ್ತು ನಿಮಿಷಕ್ಕೊಮ್ಮೆ ತುಂಬಿಸುವ ಆ ಟೇಬಲಿನ ರೋಸ್ ಕಾಲಂ ಇನ್ನೊಂದು ವಿಷಯ ತೋರಿಸಿತು. ಹೆಸರು ಹುಡುಕುವ ಕ್ವೆರಿ ನೂರು ಸಲ ಓಡಿದರೆ ಸಿಕ್ಕಿದ ಸಾಲು ಅರುವತ್ತಕ್ಕೂ ಕಡಿಮೆ. ಇರುವ ಸದಸ್ಯರು ಯಾಕೆ ಸಿಗುವುದಿಲ್ಲ? ಕೆಲವರು 'ಭಟ್' ಎಂದು ಒತ್ತಿ ಕೊನೆಗೆ ಕಣ್ಣಿಗೆ ಕಾಣದ ಜ಼ೀರೋ ವಿಡ್ತ್ ನಾನ್ ಜಾಯಿನರ್ ಸೇರಿಸಿದ್ದರು, ಕೆಲವರು ಇಲ್ಲ. ಹೆಸರು ಸೇವ್ ಆಗುವಾಗಲೂ ಹುಡುಕುವಾಗಲೂ 8204 ಮತ್ತು 8205ನೇ ಕ್ಯಾರೆಕ್ಟರನ್ನು ತೆಗೆಸಿ, ಟೆಕ್ಸ್ಟ್_ಪ್ಯಾಟರ್ನ್_ಆಪ್ಸ್ ಇಂಡೆಕ್ಸ್ ಹಾಕಿದೆ. 'ಸಿ' ಅಲ್ಲದ ಕೊಲೇಶನ್‌ನಲ್ಲಿ (ಅಕ್ಷರ ಜೋಡಿಸುವ ಕ್ರಮ) ಹೆಸರಿನ ಮೊದಲ ಅಕ್ಷರಗಳ ಲೈಕ್ ಹುಡುಕಾಟಕ್ಕೆ ಸಾದಾ ಇಂಡೆಕ್ಸ್ ಆಗದು. ಹೆಸರು ಸಿಗಲಿಲ್ಲವೆಂದು ಎರಡನೇ ಖಾತೆ ತೆರೆದ ಸದಸ್ಯರೇ ನೂರರ ಮೇಲಿದ್ದಾರೆ, ಅವರ ಖಾತೆ ಒಂದೊಂದಾಗಿ ಜೋಡಿಸುವ ಕೆಲಸ ಈಗ ನಡೆಯುತ್ತಿದೆ.