ಮಗುವಿನ ಮೈ ಕೆಂಡವಾದಾಗ: ಬಾಟಲಿಗಿಂತ ಮೊದಲು ಪೆನ್ನು ಹುಡುಕಿ

ನಮ್ಮ ಅಡುಗೆ ಕೋಣೆಯ ಕ್ಯಾಲೆಂಡರಿನಲ್ಲಿ ಜುಲೈ ತಿಂಗಳ ಒಂದು ಚೌಕದ ತುಂಬ ಅಂಕೆಗಳು. '2.10 – 103.2 – 3 ಎಂಎಲ್. 3.05 – 101.6. ನೀರು ಕುಡಿದಳು. 5.30 – ಮೂತ್ರ.' ಹಾಲು ಬಾರದ ದಿನಕ್ಕೆ ಗುರುತು ಹಾಕುವ ಜಾಗ ಅದು. ಒಂದೂವರೆ ವರ್ಷದ ಮಗಳಿಗೆ ನಡುರಾತ್ರಿ ಜ್ವರ ಏರಿದಾಗ ಕೈಗೆ ಬೇರೆ ಕಾಗದ ಸಿಗಲಿಲ್ಲ. ಬೆಳಿಗ್ಗೆ ಡಾಕ್ಟರು ಕೇಳಿದ ಅರ್ಧ ಪ್ರಶ್ನೆಗೆ ಉತ್ತರ ಆ ಚೌಕದಲ್ಲೇ ಇತ್ತು. ಹಾಗಾಗಿ ಮೊದಲ ಕೆಲಸ: ಪೆನ್ನು ತೆಗೆದುಕೊಳ್ಳಿ, ಗಂಟೆ ಬರೆಯಿರಿ.

ಆಮೇಲೆ ಥರ್ಮಾಮೀಟರ್. ಹಣೆ ಮುಟ್ಟಿ ನೋಡಿದರೆ ಬಿಸಿ ಗೊತ್ತಾಗುತ್ತದೆ, ಎಷ್ಟು ಎಂದು ಗೊತ್ತಾಗುವುದಿಲ್ಲ. ಡಿಜಿಟಲ್ ಥರ್ಮಾಮೀಟರ್ ಸಾಕು. ಕಂಕುಳಿನ ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗುವಂತೆ ಇಟ್ಟು, ಬೀಪ್ ಬರುವ ತನಕ ಕೈ ಒತ್ತಿ ಹಿಡಿಯಿರಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಜ್ವರ. ಕಂಕುಳಿನಲ್ಲಿ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ನೆನಪಿರಲಿ.

ಅಂಕೆ ನೋಡಿ ಗಾಬರಿ ಬೀಳುವ ಮೊದಲು ಮಗುವನ್ನು ನೋಡಿ. 103 ಇದ್ದೂ ಆಟಿಕೆಗೆ ಕೈ ಚಾಚುವ ಮಗುವಿಗಿಂತ, 101ಕ್ಕೇ ಬಟ್ಟೆಯ ಗೊಂಬೆಯಂತೆ ಜೋತುಬಿದ್ದ ಮಗುವಿನ ಬಗ್ಗೆ ಹೆಚ್ಚು ಚಿಂತೆ ಮಾಡಬೇಕು. ಇದಕ್ಕೆ ಒಂದೇ ಅಪವಾದ: ಮೂರು ತಿಂಗಳೊಳಗಿನ ಕೂಸು. ಅದಕ್ಕೆ 100.4 ಮುಟ್ಟಿದರೆ, ನಗುತ್ತಿದ್ದರೂ ಸರಿ, ಮನೆಯಲ್ಲಿ ಔಷಧಿ ಕೊಡದೆ ಆಗಲೇ ಆಸ್ಪತ್ರೆಗೆ ಹೊರಡಿ.

ಈಗ ಔಷಧಿ. ಹೆಚ್ಚಿನವರು ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಮನೆಯಲ್ಲಿ ಎರಡು ಪ್ಯಾರಾಸಿಟಮಾಲ್ ಬಾಟಲಿ ಇತ್ತು. ಒಂದರಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 250. ಬಣ್ಣ ಒಂದೇ, ವಾಸನೆಯೂ ಒಂದೇ. ಗಟ್ಟಿಯದನ್ನು ತೆಳುವಿನ ಲೆಕ್ಕದಲ್ಲಿ ಚಮಚಕ್ಕೆ ಸುರಿದಿದ್ದೆ. ಬಾಯಿಗೆ ಇಡುವಷ್ಟರಲ್ಲಿ ಲೇಬಲ್ ಕಣ್ಣಿಗೆ ಬಿತ್ತು, ಬಚಾವಾದೆವು.

ಡೋಸು ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ ಹೆಚ್ಚೆಂದರೆ 150 ಮಿಲಿಗ್ರಾಂ. ಅಂದರೆ 120ರ ಸಿರಪ್ ಆದರೆ ಸುಮಾರು 6 ಎಂಎಲ್, 250ರದ್ದಾದರೆ 3 ಎಂಎಲ್ ಮಾತ್ರ. ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಬರೀ ಒಂದೂವರೆ ಎಂಎಲ್. ಅಡುಗೆ ಮನೆಯ ಚಮಚ ಬೇಡ, ಒಂದೊಂದು ಒಂದೊಂದು ಅಳತೆ. ಸೂಜಿಯಿಲ್ಲದ ಸಿರಿಂಜ್ ಅಥವಾ ಬಾಟಲಿಯ ಜೊತೆ ಬರುವ ಮುಚ್ಚಳ ಬಳಸಿ. ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ಆರು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಶೀತದ ಸಿರಪ್ಪಿನಲ್ಲೂ ಪ್ಯಾರಾಸಿಟಮಾಲ್ ಇರಬಹುದು, ಲೇಬಲ್ ಓದಿ. ನಿಮ್ಮ ಮಗುವಿನ ಅಳತೆಯನ್ನು ಮುಂದಿನ ಭೇಟಿಯಲ್ಲೇ ಡಾಕ್ಟರ ಹತ್ತಿರ ಕೇಳಿ ಬಾಟಲಿ ಮೇಲೆ ಬರೆದಿಡಿ.

ಜ್ವರ ಇಳಿಯಲು ಅರ್ಧದಿಂದ ಒಂದು ಗಂಟೆ ಬೇಕು. ಒಂದೆರಡು ಡಿಗ್ರಿ ಇಳಿದು ಮಗು ಹಗುರಾದರೆ ಔಷಧಿ ಕೆಲಸ ಮಾಡಿದೆ ಅಂತಲೇ ಲೆಕ್ಕ. 98ಕ್ಕೇ ಬರಬೇಕೆಂದು ಹಠ ಬೇಡ. ನಿದ್ದೆ ಮಾಡುತ್ತಿರುವ ಮಗುವನ್ನು ಸುಮ್ನೆ ಡೋಸಿಗಾಗಿ ಎಬ್ಬಿಸಬೇಡಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ.

ಆ ರಾತ್ರಿ ನಮ್ಮತ್ತೆ, "ಮಗುವಿಗೆ ಚಳಿ ಆಗ್ತದೆ ಮಾರಾಯ್ತಿ, ಕಂಬಳಿ ಹೊದಿಸು, ಬೆವರು ಬಂದ್ರೆ ಜ್ವರ ಇಳೀತದೆ" ಎಂದರು. ಮಗು ನಡುಗುವಾಗ ತೆಳುವಾದ ಹೊದಿಕೆ ಸಾಕು, ನಡುಕ ನಿಂತ ಮೇಲೆ ಅದನ್ನೂ ತೆಗೆಯಿರಿ. ಬೈರಾಸನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಒರೆಸಬಹುದು, ಮಗುವಿಗೆ ಇಷ್ಟವಾದರೆ ಮಾತ್ರ. ಐಸ್ ನೀರು, ಸ್ಪಿರಿಟ್ ಬೇಡ. ಅತ್ತೆ ಕೊನೆಗೆ ಉಪ್ಪು–ಮೆಣಸು ನಿವಾಳಿಸಿ ದೃಷ್ಟಿ ತೆಗೆದರು. ಅದರಿಂದ ಯಾರಿಗೂ ತೊಂದರೆ ಇಲ್ಲ, ಅಲ್ವಾ?

ಹೊಟ್ಟೆಗೆ ಏನೂ ಹೋಗದಿದ್ದರೂ ನೀರು ಹೋಗಬೇಕು. ಎದೆಹಾಲು ಕುಡಿಯುವ ಮಗುವಿಗೆ ಎದೆಹಾಲನ್ನೇ ಪದೇ ಪದೇ ಕೊಡಿ. ದೊಡ್ಡ ಮಕ್ಕಳಿಗೆ ಕುಚ್ಚಲಕ್ಕಿ ಗಂಜಿಯ ತಿಳಿ, ಬೊಂಡದ ನೀರು (ಎಳನೀರು). ವಾಂತಿ, ಭೇದಿಯೂ ಇದ್ದರೆ ಓಆರ್‌ಎಸ್ ಬೇಕು. ಗುಟುಕು ಗುಟುಕಾಗಿ ಕೊಡಿ.

ಫಿಟ್ಸ್ ಬಂದರೆ? ಆರು ತಿಂಗಳಿಂದ ಐದು ವರ್ಷದ ಕೆಲವು ಮಕ್ಕಳಿಗೆ ಜ್ವರದಲ್ಲಿ ಬರುತ್ತದೆ. ನೋಡಲು ಭಯಂಕರ, ಆದರೆ ಹೆಚ್ಚಾಗಿ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಮಗುವನ್ನು ನೆಲದ ಮೇಲೆ ಒಂದು ಬದಿಗೆ ಮಲಗಿಸಿ, ಗಡಿಯಾರ ನೋಡಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಬೇಡ. ಬೀಗದ ಕೈ ಹಿಡಿಸುವುದರಿಂದಲೂ ಪ್ರಯೋಜನವಿಲ್ಲ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಮೊದಲ ಸಲ ಬಂದಿದ್ದರೆ, ನಿಂತ ಮೇಲೂ ಆಸ್ಪತ್ರೆಗೆ ತೋರಿಸಲೇಬೇಕು.

ಉಸಿರಾಡುವಾಗ ಪಕ್ಕೆಲುಬು ಒಳಗೆ ಎಳೆಯುತ್ತಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಂಟು ಗಂಟೆಯಿಂದ ಮೂತ್ರ ಇಲ್ಲದಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಕುತ್ತಿಗೆ ಸೆಟೆದರೆ, ಒತ್ತಿದರೂ ಮಾಸದ ಕೆಂಪು ಚುಕ್ಕೆ ಕಂಡರೆ ಬೆಳಗಾಗುವ ತನಕ ಕಾಯಬೇಡಿ. ಮಂಗಳೂರಿನವರು ವೆನ್‌ಲಾಕ್, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಅಥವಾ ಹತ್ತಿರ ಯಾವುದಿದೆಯೋ ಅಲ್ಲಿಗೆ ಹೊರಡಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಡೆಂಗಿ, ಮಲೇರಿಯಾ, ಇಲಿಜ್ವರ ಮೂರೂ ಇಲ್ಲಿ ಉಂಟು. ಎರಡು ದಿನ ದಾಟಿಯೂ ಜ್ವರ ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿಯ ತನಕ ಡಾಕ್ಟರು ಹೇಳದೆ ಐಬುಪ್ರೊಫೆನ್ (ಜ್ವರ, ನೋವಿಗೆ ಕೊಡುವ ಇನ್ನೊಂದು ಔಷಧಿ) ಕೊಡಬೇಡಿ, ಡೆಂಗಿ ಇದ್ದರೆ ರಕ್ತಸ್ರಾವ ಹೆಚ್ಚಾಗಬಹುದು. ಡೆಂಗಿಯ ಕಿತಾಪತಿ ಏನೆಂದರೆ, ಅಪಾಯ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ. ಜ್ವರ ಬಿಟ್ಟಿತೆಂದು ನಿರಾಳವಾದಾಗಲೇ ಹೊಟ್ಟೆನೋವು, ವಾಂತಿ, ಒಸಡಿನಲ್ಲಿ ರಕ್ತ, ತಣ್ಣನೆಯ ಕೈಕಾಲು ಕಂಡರೆ ಮತ್ತೆ ಓಡಬೇಕು.

ನಮ್ಮವಳದ್ದು ಮೂರನೇ ದಿನಕ್ಕೆ ಬಿಟ್ಟ ಸಾಮಾನ್ಯ ವೈರಲ್ ಜ್ವರ. ಔಷಧಿಯಿಲ್ಲದೆ 24 ಗಂಟೆ ಮೈ ತಣ್ಣಗಿದ್ದ ಮೇಲೆ ಪಕ್ಕದ ಮನೆಯ ಮಕ್ಕಳ ಜೊತೆ ಆಟಕ್ಕೆ ಬಿಟ್ಟೆವು. ಆ ಚೌಕದ ಕೊನೆಯ ಸಾಲು ಅತ್ತೆಯ ಕೈಬರಹದಲ್ಲಿದೆ: 'ಹಾಲು ಅರ್ಧ ಲೀಟರ್ ಜಾಸ್ತಿ.'