ರಾತ್ರಿ ಎರಡು ಗಂಟೆಗೆ ಯಾರನ್ನು ಎಬ್ಬಿಸಬೇಕು?

ಆಸ್ಪತ್ರೆಯಲ್ಲಿ ಚಾಪ್ಲಿನ್ ಅಂದರೆ ಯಾರು ಅಂತ ಗೊತ್ತಿಲ್ಲದವರೇ ಜಾಸ್ತಿ. ರೋಗಿಯ ಹತ್ತಿರ ಕೂರುವುದು, ಮನೆಯವರ ಮಾತು ಕೇಳಿಸಿಕೊಳ್ಳುವುದು, ಅವರು ಬೇಕು ಅಂದರೆ ಅವರ ಧರ್ಮದ ಪ್ರಾರ್ಥನೆಗೆ ವ್ಯವಸ್ಥೆ ಮಾಡುವುದು, ಇಷ್ಟೇ ಕೆಲಸ. ನಾನು ಮೊದಲು ಐಸಿಯು ನರ್ಸ್ ಆಗಿದ್ದೆ, ಆಮೇಲೆ ಎಂಟು ವರ್ಷ ಇಂಥ ಒಂದು ತಂಡ ನಡೆಸಿದೆ. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪಾಸ್ಟರ್, ಇಮಾಮ್, ಪುರೋಹಿತರು, ಬೌದ್ಧ ಸನ್ಯಾಸಿನಿ, ಜೊತೆಗೆ ದೇವರನ್ನೇ ನಂಬದ ಒಬ್ಬ ಕೌನ್ಸೆಲರ್. ಕೇಳಿದರೆ ಜೋಕ್ ಶುರುವಾದ ಹಾಗಿದೆ ಅಲ್ವಾ? ನಾವೂ ಹಾಗೇ ನಗುತ್ತಿದ್ದೆವು.

ಬಂದ ಹೊಸದರಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅಂದರೆ ಒಂದು ಚಾರ್ಟ್. ಯಾವ ಧರ್ಮದವರಿಗೆ ಏನು ಅಂತ ಎಲ್ಲ ಬರೆದು ಪ್ರತಿ ವಾರ್ಡಿನಲ್ಲೂ ಅಂಟಿಸಿದೆ. ಸಿಖ್ಖರ ಕೂದಲನ್ನು ಕೇಳದೆ ತೆಗೆಯಬಾರದು. ಯೆಹೋವನ ಸಾಕ್ಷಿಗಳು ರಕ್ತ ಹಾಕಿಸಿಕೊಳ್ಳುವುದಿಲ್ಲ. ಮುಸ್ಲಿಮರಲ್ಲಿ ದಫನ್ ಬೇಗ ಆಗಬೇಕು, ಹಾಗಾಗಿ ಸಾವಿನ ಕಾಗದಪತ್ರ ತಡ ಮಾಡಬೇಡಿ. ಕೆಲವು ಬೌದ್ಧರು ಉಸಿರು ನಿಂತ ಮೇಲೆ ಕೆಲವು ಗಂಟೆ ದೇಹವನ್ನು ಅಲ್ಲಾಡಿಸಬಾರದು ಅನ್ನುತ್ತಾರೆ. ಕ್ಯಾಥೊಲಿಕರಲ್ಲಿ ರೋಗಿಗೆ ತೈಲಲೇಪನ ಮಾಡಲು ಪಾದ್ರಿಯೇ ಬೇಕು, ಆದರೆ ಮಗು ಉಳಿಯುವ ಹಾಗಿಲ್ಲ ಅಂದಾಗ ದೀಕ್ಷಾಸ್ನಾನವನ್ನು ಡ್ಯೂಟಿ ನರ್ಸ್ ಕೂಡ ಕೊಡಬಹುದು. ಇದೆಲ್ಲ ಸರಿಯೇ. ನನ್ನನ್ನು ಬೀಳಿಸಿದ್ದೂ ಇದೇ ಚಾರ್ಟ್.

ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಕಿಡ್ನಿ ಪೂರ್ತಿ ಹೋದ ವಯಸ್ಸಾದವರು, ಬೆಳಗಾಗುವುದು ಕಷ್ಟ. ಫಾರ್ಮ್ ತೆಗೆದು ನೋಡಿದೆ, ಕ್ಯಾಥೊಲಿಕ್ ಅಂತಿತ್ತು. ಪಾದ್ರಿಯನ್ನು ಎಬ್ಬಿಸಿದೆ. ಅವರು ಅರ್ಧ ಗಂಟೆಯೊಳಗೆ ಎಣ್ಣೆಯ ಡಬ್ಬಿ ಹಿಡಿದು ಬಂದರು. ಆ ಬಿಳಿ ಕಾಲರ್ ಕಂಡದ್ದೇ ತಡ, ರೋಗಿ ಗೋಡೆ ಕಡೆ ತಿರುಗಿಬಿಟ್ಟರು. ಮಾನಿಟರಿನಲ್ಲಿ ನಾಡಿ ಏರುತ್ತಾ ಹೋಯಿತು. ಅವರು ಚರ್ಚ್ ಬಿಟ್ಟು ನಲವತ್ತು ವರ್ಷ ಆಗಿತ್ತಂತೆ, ಫಾರ್ಮ್ ತುಂಬಿದ್ದು ಹೆಂಡತಿ. ನನಗೆ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಪಾದ್ರಿ ಮಾತ್ರ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, "ನಾನು ಹೋಗಲಾ, ಇಲ್ಲ ಸುಮ್ನೆ ಕೂರಲಾ?" ಅಂತ ಕೇಳಿದರು. ಬಹಳ ಹೊತ್ತು ಉತ್ತರ ಬರಲಿಲ್ಲ. ಆಮೇಲೆ, "ಕೂತ್ಕೋ. ಮಾತಾಡಬೇಡ." ಐದು ಗಂಟೆಯವರೆಗೆ ಕೂತರು. ಒಂದು ಪ್ರಾರ್ಥನೆಯೂ ಇಲ್ಲ.

ಮರುದಿನದಿಂದ ಕರೆ ತೆಗೆದುಕೊಳ್ಳುವ ಕ್ರಮವನ್ನೇ ಬದಲಾಯಿಸಿದೆ. ಚಾಪ್ಲಿನ್ ಬೇಕು ಅಂದದ್ದು ಯಾರು, ರೋಗಿಯನ್ನೇ ಕೇಳಿದಿರಾ, ಈಗ ರೂಮಿನಲ್ಲಿ ಯಾರಿದ್ದಾರೆ, ಈ ಮೂರಕ್ಕೆ ಉತ್ತರ ಬಂದ ಮೇಲೆಯೇ ಧರ್ಮದ ಮಾತು. ಕ್ರಿಸ್ಟಿನಾ ಪುಚಾಲ್ಸ್ಕಿ ಎಂಬ ವೈದ್ಯೆ 1996ರಲ್ಲಿ ರೂಪಿಸಿದ ಫೀಕಾ ಎಂಬ ಪ್ರಶ್ನಾವಳಿ ಇದೆ: ನಿಮಗೆ ಆಸರೆ ಏನು, ಅದು ನಿಮಗೆ ಎಷ್ಟು ಮುಖ್ಯ, ನಿಮ್ಮ ಜೊತೆಗೆ ಯಾರಿದ್ದಾರೆ, ಇದನ್ನು ಚಿಕಿತ್ಸೆಯಲ್ಲಿ ನಾವು ಹೇಗೆ ನೋಡಿಕೊಳ್ಳಬೇಕು. ಒಳ್ಳೆಯದೇ. ಆದರೆ ಅದನ್ನು ಕಾಗದ ಹಿಡಿದು ಓದಿದರೆ ಬ್ಯಾಂಕಿನಲ್ಲಿ ಖಾತೆ ತೆರೆದ ಹಾಗಿರುತ್ತದೆ, ಹಾಗಾಗಿ ಬಾಯಿಪಾಠ ಮಾಡಿ, ಆಮೇಲೆ ಮರೆತುಬಿಡಿ ಅಂತ ತಂಡಕ್ಕೆ ಹೇಳಿದೆ.

ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಯ ದಿನಗಳ ರೋಗಿಗಳನ್ನು ನೋಡಿಕೊಳ್ಳುವ ಆಸ್ಪತ್ರೆ, ತೆರೆದವರು. ನೋವು ಮೈಯದ್ದು ಮಾತ್ರ ಆಗಿರಲ್ಲ, ಮನಸ್ಸು, ಮನೆ, ನಂಬಿಕೆ ಎಲ್ಲ ಸೇರಿ ಒಂದೇ ನೋವು ಅಂತ ಅವರು ಹೇಳುತ್ತಿದ್ದರು. ಇದು ನನಗೆ ನಿಜವಾಗಿ ಅರ್ಥವಾದದ್ದು ಒಬ್ಬ ಹೆಂಗಸಿನಿಂದ. ಕರುಳಿನ ಕ್ಯಾನ್ಸರ್, ಹೊಟ್ಟೆಯ ಮೇಲೆ ಮಲ ಸೇರುವ ಸ್ಟೋಮಾ ಚೀಲ. ಮಾರ್ಫಿನ್ ಏರಿಸಿದರೂ ರಾತ್ರಿಯೆಲ್ಲ ನರಳಾಟ. ಇಮಾಮ್ ಮೂರನೇ ಸಲ ಹೋದಾಗ ಆಕೆ ಬಾಯಿಬಿಟ್ಟರು: ಚೀಲ ಇಟ್ಟ ದಿನದಿಂದ ತಾನು ಶುದ್ಧಳಲ್ಲ ಅಂತ ನಮಾಜ್ ನಿಲ್ಲಿಸಿದ್ದರು. ಕಾಯಿಲೆಯವರಿಗೆ ರಿಯಾಯಿತಿ ಇದೆ, ನೀರು ಬಳಸಲು ಆಗದಿದ್ದರೆ ಶುದ್ಧ ಮಣ್ಣು ಮುಟ್ಟಿ ಮುಖ, ಕೈ ಸವರಿಕೊಳ್ಳುವ ತಯಮ್ಮುಮ್ ಇದೆ, ಮಲಗಿದಲ್ಲೇ ಸನ್ನೆಯಲ್ಲಿ ನಮಾಜ್ ಮಾಡಬಹುದು ಅಂತ ಇಮಾಮ್ ವಿವರಿಸಿದರು. ಮಾರ್ಫಿನ್ ಇದ್ದಷ್ಟೇ ಇತ್ತು. ಆ ರಾತ್ರಿ ಅವರು ನಿದ್ದೆ ಮಾಡಿದರು. ಇದನ್ನು ನಾನು ಹೇಳಿದ್ದರೆ ಅವರು ನಂಬುತ್ತಿರಲಿಲ್ಲ, ಹಾಗಾಗಿ ಯಾವ ಧರ್ಮದ ಚಾಪ್ಲಿನ್ ಆದರೂ ಯಾವ ಧರ್ಮದ ರೋಗಿಯನ್ನೂ ನೋಡಿಕೊಳ್ಳಬಹುದು ಅನ್ನುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ತಂಡದೊಳಗೆ ಜಗಳ ಇರಲಿಲ್ಲವಾ ಅಂತ ಕೇಳುತ್ತಾರೆ. ಇತ್ತು, ಆದರೆ ದೇವರ ಬಗ್ಗೆ ಅಲ್ಲ, ಬೀರುವಿನ ಬಗ್ಗೆ. ಪ್ರಾರ್ಥನೆಯ ರೂಮಿನಲ್ಲಿ ಯಾರ ಗುರುತು ಇರಬೇಕು ಅಂತ. ಕೊನೆಗೆ ಗೋಡೆ ಖಾಲಿ ಬಿಟ್ಟೆವು, ಎಲ್ಲರ ಸಾಮಾನು ಬೀರುವಿನಲ್ಲಿ, ಬೇಕಾದವರು ತೆಗೆದು ಮತ್ತೆ ಇಡುವುದು. ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ತೋರಿಸುವ ಬಾಣ ಮಾತ್ರ ಚಾವಣಿಯಲ್ಲಿ ಉಳಿಯಿತು. ಆಕ್ಸಿಜನ್ ಇರುವ ಕಡೆ ದೀಪ, ಊದುಬತ್ತಿ ಹಚ್ಚುವ ಹಾಗಿಲ್ಲ ಅಂದಾಗ ಪುರೋಹಿತರು ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟರು. ಆಮೇಲೆ ಬ್ಯಾಟರಿ ದೀಪ ತಂದವರೂ ಅವರೇ, ಮನೆಯವರಿಗೆ ಕಾರಣ ಬಿಡಿಸಿ ಹೇಳುತ್ತಿದ್ದವರೂ ಅವರೇ.

ನಾನು ಗಟ್ಟಿಯಾಗಿ ನಿಂತದ್ದು ಒಂದೇ ವಿಷಯಕ್ಕೆ. ಕೇಳದೆ ಪ್ರಾರ್ಥನೆ ಇಲ್ಲ, ಮತಾಂತರದ ಮಾತಂತೂ ಇಲ್ಲವೇ ಇಲ್ಲ. ಸ್ವಯಂಸೇವಕರೊಬ್ಬರು ಅರೆಪ್ರಜ್ಞೆಯಲ್ಲಿದ್ದ ರೋಗಿಯ ಬಾಯಲ್ಲಿ ತಮ್ಮ ದೇವರ ಹೆಸರು ಹೇಳಿಸಲು ನೋಡಿದರು. ಮೊದಲ ಸಲ ಎಚ್ಚರಿಸಿದೆ, ಎರಡನೇ ಸಲ ವಾರ್ಡಿಗೆ ಬರಬೇಡಿ ಅಂದೆ. ಆ ನಿರ್ಧಾರಕ್ಕೆ ಬೇಜಾರಿಲ್ಲ. ಅದನ್ನು ಕಾರಿಡಾರಿನಲ್ಲಿ ಎಲ್ಲರೆದುರು ಹೇಳಿದ್ದಕ್ಕೆ ಇದೆ.

ಬುಧವಾರ ಒಂದು ಗಂಟೆ ನಾವೇ ಕೂರುತ್ತಿದ್ದೆವು. ರೋಗಿಯ ಹೆಸರು ಹೇಳುವ ಹಾಗಿಲ್ಲ. ನೀವು ಏನು ಹೇಳಿದಿರಿ ಅಂತ ನಾನು ಕೇಳುತ್ತಿರಲಿಲ್ಲ, ಯಾವಾಗ ಆ ರೂಮಿನಿಂದ ಎದ್ದು ಓಡಬೇಕು ಅನ್ನಿಸಿತು ಅಂತ ಕೇಳುತ್ತಿದ್ದೆ. ಮೊದಲ ಎರಡು ತಿಂಗಳು ಎಲ್ಲರೂ ಚೆನ್ನಾಗಿಯೇ ಆಯಿತು ಅಂದರು. ಮೂರನೇ ತಿಂಗಳು ಕೌನ್ಸೆಲರ್, ಸತ್ತು ಹುಟ್ಟಿದ ಮಗುವಿಗೆ ಅಮ್ಮ ಟೋಪಿ ಹಾಕುವುದನ್ನು ನೋಡಲಾಗದೆ ನೀರು ತರುವ ನೆಪದಲ್ಲಿ ಹೊರಗೆ ಬಂದೆ ಅಂದರು. ನಾನೂ ಹಾಗೇ ಬಂದಿದ್ದೇನೆ ಅಂದರು ಇಮಾಮ್. ಆವತ್ತು ಸಭೆ ಒಂದು ಗಂಟೆಯಲ್ಲಿ ಮುಗಿಯಲಿಲ್ಲ.